ಹಿಂದಿನ ಸಾಲಿನಿಂದ ಬಂದ ಉತ್ತರ

"ಕಳೆದ ವರ್ಷ ನಿಮಗೆ ನಾವು ಏನು ಕಡಿಮೆ ಮಾಡಿದ್ದೇವೆ?"

ಹೀಗೆ ಕೇಳಿ ಭಾಷಣಕಾರರು ಎರಡು ಕ್ಷಣ ನಿಂತರು. ಸಭಾಂಗಣದಲ್ಲಿ ಹತ್ತಿರ ಹತ್ತಿರ 300 ಜನ. ಆ ಎರಡನೇ ಕ್ಷಣದಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಬೋನಸ್!"

ಆ ಪ್ರಶ್ನೆ ಬರೆದವಳು ನಾನೇ. 'ಇಲ್ಲಿ ನಿಲ್ಲಿ' ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟವಳೂ ನಾನೇ. ಮೊದಲು ಹಿಂದಿನ ಸಾಲು ನಕ್ಕಿತು. ಆಮೇಲೆ ಮಧ್ಯದವರು. ಕೊನೆಗೆ ಮುಂದೆ ಕೂತಿದ್ದ ಮ್ಯಾನೇಜರುಗಳೂ ಕರ್ಚೀಫು ಬಾಯಿಗೆ ಹಿಡಿದುಕೊಂಡರು. ಉಳಿದ ಹದಿನೈದು ನಿಮಿಷದ ಭಾಷಣ ಯಾರ ಕಿವಿಗೂ ಬೀಳಲಿಲ್ಲ. ಕೆಳಗಿಳಿದು ಬಂದ ಸಾಹೇಬರು ಕೂಗಾಡಲಿಲ್ಲ. "ಪ್ರಶ್ನೆ ಕೇಳಿದರೆ ಉತ್ತರ ಬರುತ್ತೆ ಅನ್ನೋದು ನಿಮಗೆ ಹೊಳೀಲಿಲ್ವಾ ಮೇಡಂ?" ಎಂದಷ್ಟೇ ಕೇಳಿದರು.

ನಿಜವಾಗಿಯೂ ಹೊಳೆದಿರಲಿಲ್ಲ.

ಬೇರೆಯವರಿಗೆ ಭಾಷಣ, ಮನವಿ, ಪತ್ರ ಬರೆದುಕೊಡುವುದು ನನ್ನ ಕೆಲಸ. ನನ್ನ ಹೆಸರು ಎಲ್ಲೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಈ ಕೆಲಸಕ್ಕೆ ಬಂದಾಗ ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದ ಕೂಡಿಟ್ಟಿದ್ದ ಮಾತಿನ ವರಸೆಗಳೆಲ್ಲ ಅದರಲ್ಲಿದ್ದವು. ಉತ್ತರ ಬೇಡದ ಪ್ರಶ್ನೆ, ಮೂರರ ಪಟ್ಟಿ, ಮತ್ತೆ ಮತ್ತೆ ಬರುವ ಪದ, ಎದುರುಬದುರು ನಿಲ್ಲಿಸಿದ ಮಾತು. ಭಾಷಣ ಸಪ್ಪೆ ಅನಿಸಿದರೆ ನೋಟ್‌ಬುಕ್ ತೆಗೆದು ಎರಡು ವರಸೆ ಸೇರಿಸುತ್ತಿದ್ದೆ. ಶಾಲೆಯಲ್ಲಿ ಅಲಂಕಾರ ಕಲಿಸಿದ್ದೇ ಹಾಗಲ್ವಾ? ಸಾಲು ಕೊಡುತ್ತಾರೆ, ಉಪಮೆಯೋ ರೂಪಕವೋ ಗುರುತಿಸಿ, ಲಕ್ಷಣ ಬರೆದರೆ ಅಂಕ. ಅದು ಆ ಸಾಲಿನಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಯಾರೂ ಕೇಳಲಿಲ್ಲ. ಅಲಂಕಾರ ಅಂದರೆ ಮೈಮೇಲೆ ಹೇರುವ ಒಡವೆ ಅಂತಲೇ ನಾನೂ ತಿಳಿದಿದ್ದೆ.

ಬೋನಸ್ ಪ್ರಸಂಗದ ನಂತರ ಒಂದು ಅಭ್ಯಾಸ ಶುರುವಾಯಿತು. ನಾನು ಬರೆದ ಭಾಷಣ ಎಲ್ಲಿ ನಡೆದರೂ ಹಿಂದಿನ ಸಾಲಿನಲ್ಲಿ ಹೋಗಿ ಕೂರುತ್ತೇನೆ. ವೇದಿಕೆ ನೋಡುವುದಿಲ್ಲ. ಕೇಳುವವರ ಕುತ್ತಿಗೆ, ಭುಜ, ಕೈ ನೋಡುತ್ತೇನೆ. ಫೋನು ಯಾವಾಗ ಹೊರಗೆ ಬಂತು, ಯಾವ ವಾಕ್ಯಕ್ಕೆ ಮತ್ತೆ ಜೇಬು ಸೇರಿತು, ಅಷ್ಟೇ ಲೆಕ್ಕ. ಮುಂದಿನ ಸಾಲಿನವರನ್ನು ನಂಬಬಾರದು, ಅವರು ಎಲ್ಲದಕ್ಕೂ ತಲೆ ಆಡಿಸುತ್ತಾರೆ.

ಹೀಗೆ ನಾಲ್ಕೈದು ವರ್ಷ ಕೂತ ಮೇಲೆ ಒಂದು ವಿಷಯ ತಿಳಿಯಿತು. ಜನ ಎಚ್ಚರವಾಗುವುದು ಮಾತು ಚೆಂದ ಇದ್ದಾಗ ಅಲ್ಲ. ಮಾತಿನ ಮುಂದಿನ ತುಂಡು ಅವರ ತಲೆಯಲ್ಲಿ ಮೊದಲೇ ಹುಟ್ಟಿದಾಗ. ಭಾಷಣಕಾರ ಬಾಯಿ ತೆರೆಯುವ ಅರೆಗಳಿಗೆ ಮುಂಚೆ ಅವರೇ ವಾಕ್ಯ ಮುಗಿಸಿರುತ್ತಾರೆ. ಆಗ ಭುಜ ಸ್ವಲ್ಪ ಮುಂದೆ ಬರುತ್ತದೆ. ನನ್ನ ನೋಟ್‌ಬುಕ್ಕಿನ ವರಸೆಗಳೆಲ್ಲ ಈ ಒಂದು ಕೆಲಸಕ್ಕೆ ಇರುವ ಬೇರೆ ಬೇರೆ ಉಪಾಯಗಳು ಎಂದು ಆಗ ಹೊಳೆಯಿತು. ಇದನ್ನು ನಾನೇ ಕಂಡುಹಿಡಿದೆ ಎಂದು ಕೆಲವು ದಿನ ಬೀಗಿದ್ದೂ ಉಂಟು. ಆಮೇಲೆ ನೋಡಿದರೆ ಅರಿಸ್ಟಾಟಲ್ ಇದನ್ನು 2300 ವರ್ಷಗಳ ಹಿಂದೆಯೇ ಹೇಳಿಟ್ಟಿದ್ದ. ವಾದದ ಎಲ್ಲ ಮೆಟ್ಟಿಲನ್ನೂ ಹೇಳಬೇಕಿಲ್ಲ, ಕೇಳುವವನಿಗೆ ಗೊತ್ತಿರುವ ಮೆಟ್ಟಿಲನ್ನು ಅವನೇ ಸೇರಿಸಿಕೊಳ್ಳುತ್ತಾನೆ ಎಂಬುದು ಅವನ ಮಾತು. ಇಂಥ ಅರ್ಧ ಬಿಟ್ಟ ವಾದಕ್ಕೆ ಅವನ ಶಾಸ್ತ್ರದಲ್ಲಿ 'ಎಂಥಿಮೀಮ್' ಎಂಬ ಹೆಸರೇ ಇದೆ. ತಾನೇ ಸೇರಿಸಿಕೊಂಡ ಮೆಟ್ಟಿಲನ್ನು ಯಾರು ತಾನೇ ಅಲ್ಲಗಳೆಯುತ್ತಾರೆ?

ನೋಡಿ, ನಾನೂ ಒಂದು ಪ್ರಶ್ನೆ ಹಾಕಿಬಿಟ್ಟೆ. ಇದು ಅಪಾಯವಿಲ್ಲದ್ದು, ಒಂದೇ ಉತ್ತರ ಇರುವಂಥದ್ದು. ಬೋನಸ್ ಪ್ರಶ್ನೆಯ ದೋಷ ಅಲ್ಲೇ ಇತ್ತು. ಅದಕ್ಕೆ ಎರಡು ಉತ್ತರ ಇದ್ದವು. ಮ್ಯಾನೇಜರ್ ಕೋಣೆಯಲ್ಲಿ ಕೂತು ಬರೆಯುವಾಗ ನನಗೆ ಕಂಡದ್ದು ಒಂದೇ. ಈಗ ಬರೆಯುವಾಗ ಹಾಳೆಯ ಬಲಗಡೆ ಮೂರು ಬೆರಳಿನಷ್ಟು ಜಾಗ ಖಾಲಿ ಬಿಡುತ್ತೇನೆ. ಪ್ರತಿ ವಾಕ್ಯದ ಪಕ್ಕ ಹಿಂದಿನ ಸಾಲಿನವನು ಏನನ್ನುತ್ತಾನೆ ಎಂದು ಬರೆಯುತ್ತೇನೆ. 'ಹೌದು', 'ಆಮೇಲೆ?', 'ಗೊತ್ತು ಬಿಡಿ', 'ಸುಳ್ಳು'. ಉತ್ತರ ನಾವು ಬಯಸಿದ್ದಕ್ಕೆ ತಿರುಗಿ ಬೀಳುವಂತಿದ್ದರೆ ಅಲ್ಲಿ 'ಬೋನಸ್' ಎಂದು ಬರೆಯುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೂ ಈಗ ಅದೇ ಪದ. "ಮೇಡಂ, ಈ ಸಾಲಿಗೆ ಬೋನಸ್ ಬರುತ್ತೆ" ಅನ್ನುತ್ತಾರೆ. ಹೊರಗಿನವರು ಕೇಳಿದರೆ ಒಳ್ಳೆಯ ಸುದ್ದಿ ಅಂದುಕೊಳ್ಳಬೇಕು!

ಪ್ರಶ್ನೆ ಹಾಕಲೇಬೇಕು, ಉತ್ತರದ ಬಗ್ಗೆ ಧೈರ್ಯ ಸಾಲದು ಅಂದರೆ ಇನ್ನೊಂದು ದಾರಿ ಇದೆ. ಪ್ರಶ್ನೆಯ ಬೆನ್ನಿಗೇ ಉತ್ತರವನ್ನು ನಾವೇ ಹೇಳಿಬಿಡುವುದು. "ಈ ವರ್ಷ ಬೋನಸ್ ಯಾಕೆ ಕಡಿಮೆಯಾಯಿತು? ಎರಡು ದೊಡ್ಡ ಆರ್ಡರು ಕೈತಪ್ಪಿದವು, ಅದಕ್ಕೆ." ಅವತ್ತು ಹೀಗೆ ಬರೆದಿದ್ದರೆ ಆ ದನಿಗೆ ಕೆಲಸವೇ ಇರುತ್ತಿರಲಿಲ್ಲ.

ಪುನರುಕ್ತಿಯ ವಿಷಯ ಬೇರೆ. ಅದನ್ನು ಕಲಿಯುವುದಕ್ಕೆ ನಾನು ಬಹಳ ದಿನ ತಪ್ಪು ಜಾಗದಲ್ಲಿ ಹುಡುಕಿದೆ. ಇಂಗ್ಲಿಷ್ ಭಾಷಣಗಳನ್ನು ಓದಿ ಅದರ ಅಚ್ಚಿನಲ್ಲಿ ಕನ್ನಡ ಎರೆಯುತ್ತಿದ್ದೆ. 1940ರ ಜೂನ್ 4ರಂದು ಚರ್ಚಿಲ್ ಬ್ರಿಟನ್ನಿನ ಸಂಸತ್ತಿನಲ್ಲಿ ಮಾಡಿದ ಭಾಷಣ ಇದೆಯಲ್ಲ, ಅದರಲ್ಲಿ 'ನಾವು ಹೋರಾಡುತ್ತೇವೆ' ಎಂಬುದು ಪ್ರತಿ ತುಂಡಿನ ಮೊದಲಿಗೆ ಬರುತ್ತದೆ. ಕಡಲತೀರ, ಬಯಲು, ಬೀದಿ, ಬೆಟ್ಟ ಎಲ್ಲ ಆಮೇಲೆ. ಅದನ್ನೇ ನಂಬಿಕೊಂಡು ನಾನು 'ನಾವು ಕಟ್ಟುತ್ತೇವೆ ಶಾಲೆಯನ್ನು, ನಾವು ಕಟ್ಟುತ್ತೇವೆ ರಸ್ತೆಯನ್ನು' ಎಂದೆಲ್ಲ ಬರೆದಿದ್ದೇನೆ. ಓದಿದವರು ನಾಟಕದ ಸಂಭಾಷಣೆಯಾ ಎಂದು ಕೇಳಿದರು. ಕನ್ನಡದಲ್ಲಿ ಕ್ರಿಯಾಪದ ಕೂರುವುದು ಕೊನೆಯಲ್ಲಿ. ನಮ್ಮ ಪುನರುಕ್ತಿಯ ಮನೆಯೂ ಅಲ್ಲೇ.

ಇದಕ್ಕೆ ಉದಾಹರಣೆ ದೂರ ಹುಡುಕಬೇಕಾಗಿರಲಿಲ್ಲ. ಬಾಯಿಪಾಠ ಬರುವ ವಚನದಲ್ಲೇ ಇತ್ತು. 12ನೇ ಶತಮಾನದ ಬಸವಣ್ಣನ 'ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ' ಎಣಿಸಿ ನೋಡಿ. ಏಳು 'ಬೇಡ' ಇವೆ, ಏಳೂ ತುಂಡಿನ ಕೊನೆಗೆ. ಆಮೇಲೆ ಏನಾಗುತ್ತದೆ? 'ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ, ಇದೇ...' ಎಂದು ಮೂರು ಸಲ 'ಇದೇ' ಬರುತ್ತದೆ, ಈ ಸಲ ತುಂಡಿನ ಮೊದಲಿಗೆ. ಬೇಡ ಬೇಡ ಎಂದು ಬಾಗಿಲು ಮುಚ್ಚುತ್ತಾ ಹೋಗಿ, ಇದ್ದಕ್ಕಿದ್ದಂತೆ 'ಇದೇ' ಎಂದು ಒಂದು ಬಾಗಿಲು ತೆರೆದ ಹಾಗೆ. ಇದನ್ನು ಗಮನಿಸಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ನೂರು ಸಲ ಹೇಳಿದ್ದ ವಚನ, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಅಲ್ಲಿಂದ ಕಲಿತದ್ದು ಇಷ್ಟು: ಪುನರುಕ್ತಿಯ ಶಕ್ತಿ ಇರುವುದು ಅದು ಮುರಿಯುವ ಜಾಗದಲ್ಲಿ. ಎರಡನೇ ಸಲ ಕೇಳಿದಾಗ ಜನಕ್ಕೆ ನಡೆ ಸಿಗುತ್ತದೆ. ಮೂರನೇ ಸಲ ಅವರೇ ಹೇಳಿಕೊಳ್ಳುತ್ತಾರೆ. ಆಮೇಲೂ ಅದೇ ಹೇಳುತ್ತಿದ್ದರೆ ಬೇಸರ, ಅಲ್ಲಿ ತಿರುಗಿಸಿದರೆ ಎಚ್ಚರ. ಚರ್ಚಿಲ್ ಕೂಡ ಕೊನೆಗೆ 'ಹೋರಾಡುತ್ತೇವೆ' ಬಿಟ್ಟು 'ಎಂದೂ ಶರಣಾಗುವುದಿಲ್ಲ' ಎಂದು ತಿರುಗಿಸಿದ್ದಾನೆ. ನನಗೆ ಮೊದಲು ಹೋರಾಟ ಕಂಡಿತ್ತು, ಆ ತಿರುವು ಕಂಡಿರಲಿಲ್ಲ.

ಒಂದು ರಕ್ತದಾನ ಶಿಬಿರದ ಮನವಿಯಲ್ಲಿ ಇದನ್ನು ಬಳಸಿದೆ. ಮೊದಲ ಕರಡಿನಲ್ಲಿ 'ರಕ್ತದಾನ ಮಹಾದಾನ' ಎಂದು ಶುರು ಮಾಡಿದ್ದೆ. ಬಲಗಡೆ ಜಾಗದಲ್ಲಿ 'ಗೊತ್ತು ಬಿಡಿ' ಎಂದು ಬರೆದು ಹೊಡೆದು ಹಾಕಿದೆ. ಎರಡನೇ ಕರಡು ಹೀಗಿತ್ತು: "ಅವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ. ನಿಮ್ಮ ಊರು ಗೊತ್ತಿರುವುದಿಲ್ಲ. ನಿಮ್ಮ ಮುಖ ಗೊತ್ತಿರುವುದಿಲ್ಲ. ಅವರ ಮೈಯಲ್ಲಿ ನೀವಿರುತ್ತೀರಿ." ಓದಿದವರು ಒಬ್ಬ ನರ್ಸ್. ಅವರು ಯಾವ ಅಭಿನಯವೂ ಇಲ್ಲದೆ, ವಾರ್ಡಿನಲ್ಲಿ ಮಾತಾಡುವ ದನಿಯಲ್ಲೇ ಓದಿದರು. ಅದಕ್ಕೇ ಚೆನ್ನಾಗಿ ಬಂತು.

ಆದರೆ ಆ ಮನವಿಯಲ್ಲಿ ಜನರನ್ನು ಕುರ್ಚಿಯಿಂದ ಎಬ್ಬಿಸಿದ್ದು ಈ ನಾಲ್ಕು ವಾಕ್ಯ ಅಲ್ಲ. ಅದರ ಮುಂದಿನದು. "ಸೂಜಿ ಚುಚ್ಚಿದರೆ ನೋಯುತ್ತದೆ. ನಿಜ. ಕೆಲವರಿಗೆ ತಲೆ ಸುತ್ತಬಹುದು. ಅದೂ ನಿಜ. ಅದಕ್ಕೇ ಮುಗಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿ ಕಳಿಸುತ್ತೇವೆ." ಶಿಬಿರದ ಸಂಘಟಕರು ಇದನ್ನು ತೆಗೆಯಿರಿ ಎಂದು ಹಟ ಹಿಡಿದಿದ್ದರು. ನೋವು, ತಲೆಸುತ್ತು ಎಂದೆಲ್ಲ ಹೇಳಿದರೆ ಯಾರು ಬರುತ್ತಾರೆ ಎಂಬುದು ಅವರ ವಾದ. ನನ್ನ ಲೆಕ್ಕ ಬೇರೆ ಇತ್ತು. ಹಿಂದಿನ ಸಾಲಿನವನ ತಲೆಯಲ್ಲಿ ಆ ಮಾತು ಆಗಲೇ ಕೂತಿದೆ. ನಾವು ಹೇಳದಿದ್ದರೆ ಅವನು ಅದನ್ನೇ ಜಪಿಸುತ್ತಾ ಉಳಿದದ್ದನ್ನು ಕೇಳುವುದಿಲ್ಲ. ನಾವೇ ಹೇಳಿದರೆ, 'ಓ, ಇವರಿಗೂ ಗೊತ್ತಿದೆ' ಅನ್ನುತ್ತಾನೆ. ಆಮೇಲೆ ಅಂಕಿ ಹೇಳಿದರೆ ನಂಬುತ್ತಾನೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ, ಒಂದು ಸಲಕ್ಕೆ ತೆಗೆಯುವುದು ಅರ್ಧ ಲೀಟರಿಗಿಂತ ಕಡಿಮೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟೆ ಅಷ್ಟೇ. ಭಾಗಾಕಾರ ಅವರೇ ಮಾಡಿಕೊಂಡರು.

ಎದುರಾಳಿಯ ಮಾತನ್ನು ನಾವೇ ಮೊದಲು ಹೇಳುವ ಈ ವರಸೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ನೋಟ್‌ಬುಕ್ಕಿನಲ್ಲಿ ಇದಕ್ಕೆ ಅರ್ಧ ಸಾಲು ಮಾತ್ರ ಜಾಗ ಕೊಟ್ಟಿದ್ದೆ. ಒಂದು ಎಚ್ಚರಿಕೆ ಬೇಕು: ಆಕ್ಷೇಪವನ್ನು ಅವರು ಹೇಳುವಷ್ಟೇ ಜೋರಾಗಿ ಹೇಳಬೇಕು. ಸಪ್ಪೆ ಮಾಡಿ ಹೇಳಿದರೆ ಹಿಂದಿನ ಸಾಲಿಗೆ ತಕ್ಷಣ ಗೊತ್ತಾಗುತ್ತದೆ.

ಮೂರರ ಪಟ್ಟಿ, ಎದುರುಬದುರು ಮಾತು ಇವೆರಡರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಮ್ಯಾಕ್ಸ್ ಅಟ್ಕಿನ್ಸನ್ ಎಂಬ ಬ್ರಿಟಿಷ್ ಸಂಶೋಧಕರು ರಾಜಕೀಯ ಭಾಷಣಗಳ ರೆಕಾರ್ಡಿಂಗ್ ಕೂತು ಕೇಳಿ, ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂದು ನೋಡಿದರು. 1984ರಲ್ಲಿ ಅದನ್ನು ಪ್ರಕಟಿಸಿದರು. ಮೂರರ ಪಟ್ಟಿ ಮುಗಿಯುವಾಗ, ಎದುರುಬದುರು ಮಾತಿನ ಎರಡನೇ ಅರ್ಧ ಮುಗಿಯುವಾಗ ಚಪ್ಪಾಳೆ ಬೀಳುವುದು ಅದರಲ್ಲಿ ಎದ್ದು ಕಾಣುತ್ತದೆ. ಕಾರಣ ಸರಳ. ಎಲ್ಲಿ ಮುಗಿಯುತ್ತದೆ ಎಂದು ಜನಕ್ಕೆ ಮೊದಲೇ ಗೊತ್ತಾದರೆ ಕೈ ಸಿದ್ಧವಾಗಿರುತ್ತದೆ. ಇದನ್ನು ಓದಿದ ಹೊಸತರಲ್ಲಿ ಒಂದು ಪುಟಕ್ಕೆ ಐದು ಮೂರರ ಪಟ್ಟಿ ತುಂಬಿ ಒಬ್ಬರಿಗೆ ಕೊಟ್ಟೆ. ಅವರು ಪ್ರತಿ ಪಟ್ಟಿ ಮುಗಿದಾಗಲೂ ನಿಂತು ಸಭೆಯನ್ನು ನೋಡುತ್ತಿದ್ದರು. ಚಪ್ಪಾಳೆ ಬರಲಿಲ್ಲ. ನಾಲ್ಕನೇ ಸಲ ಯಾರೋ ಪಾಪ ಅನಿಸಿ ಒಬ್ಬರೇ ತಟ್ಟಿದರು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎದುರುಬದುರು ಮಾತಿನಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ. ಶಬ್ದಗಳು ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿದಂತಿರುತ್ತವೆ. 1942ರ ಆಗಸ್ಟ್ 8ರಂದು ಗಾಂಧೀಜಿ ಮುಂಬಯಿಯಲ್ಲಿ ಕೊಟ್ಟ ಕರೆ ಹಿಂದಿಯಲ್ಲಿ 'ಕರೋ ಯಾ ಮರೋ'. ಕನ್ನಡಕ್ಕೆ ಬಂದಾಗ ಅದು 'ಮಾಡು ಇಲ್ಲವೇ ಮಡಿ' ಆಯಿತು. ಮಾಡು, ಮಡಿ. ಒಂದು ದೀರ್ಘ, ಒಂದು ಕೊನೆಯ ಸ್ವರ, ಅಷ್ಟೇ ವ್ಯತ್ಯಾಸ. ಅನುವಾದ ಅಂತ ಅನಿಸುವುದೇ ಇಲ್ಲ. ಇಂಥ ಜೋಡಿ ತಾನಾಗಿ ಸಿಕ್ಕರೆ ಬಿಡಬಾರದು. ಸಿಗದಿದ್ದರೆ ಹಿಂಜಿ ಎಳೆಯಬಾರದು. ಪ್ರಾಸಕ್ಕಾಗಿ ನಾನು ಬರೆದ ಕೆಲವು ಸಾಲುಗಳನ್ನು ಇಲ್ಲಿ ಹೇಳುವುದಿಲ್ಲ, ಮರ್ಯಾದೆ ಪ್ರಶ್ನೆ.

ದೊಡ್ಡ ವರಸೆಗಳಿಗಿಂತ ಸಣ್ಣ ಪದಗಳು ನನಗೆ ಹೆಚ್ಚು ಪಾಠ ಕಲಿಸಿದವು. 'ನಾವು' ಅಂಥದ್ದು. ತಮಿಳಿನಲ್ಲಿ ಕೇಳುವವರನ್ನೂ ಸೇರಿಸಿದರೆ 'ನಾಮ್', ಬಿಟ್ಟರೆ 'ನಾಂಗಳ್'. ತೆಲುಗಿನಲ್ಲಿ 'ಮನಂ' ಮತ್ತು 'ಮೇಮು'. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಹಾಗಾಗಿ ವೇದಿಕೆಯಿಂದ 'ನಾವು ತೀರ್ಮಾನಿಸಿದ್ದೇವೆ' ಎಂದರೆ ಯಾರು ತೀರ್ಮಾನಿಸಿದರು? ಮುಂದಿನ ವಾಕ್ಯದಲ್ಲಿ 'ನಾವು ಎರಡು ಗಂಟೆ ಜಾಸ್ತಿ ದುಡಿಯಬೇಕು' ಎಂದರೆ ಯಾರು ದುಡಿಯಬೇಕು? ಮೊದಲ 'ನಾವು' ಮೇಲಿನವರು, ಎರಡನೆಯದು ಕೆಳಗಿನವರು. ಹಿಂದಿನ ಸಾಲಿಗೆ ಇದು ಅರ್ಥವಾಗುವುದಿಲ್ಲ ಎಂದುಕೊಳ್ಳುವವರು ಹಿಂದಿನ ಸಾಲಿನಲ್ಲಿ ಕೂತಿಲ್ಲ. ಒಂದು ಸಭೆಯಲ್ಲಿ ನನ್ನ ಪಕ್ಕದವರು ಪ್ರತಿ 'ನಾವು'ಗೂ ಮೆಲ್ಲಗೆ 'ನೀವು, ನೀವು' ಎಂದು ತಿದ್ದುತ್ತಿದ್ದರು. ಈಗ ಕರಡಿನ 'ನಾವು'ಗಳನ್ನೆಲ್ಲ ಎರಡು ಬಣ್ಣದಲ್ಲಿ ಗುರುತಿಸುತ್ತೇನೆ. ಎರಡು ಬಣ್ಣ ಒಂದೇ ಪ್ಯಾರಾದಲ್ಲಿ ಬಂದರೆ ಒಂದನ್ನು ಬಿಡಿಸಿ ಹೇಳುತ್ತೇನೆ: 'ಆಡಳಿತ ಮಂಡಳಿ ತೀರ್ಮಾನಿಸಿದೆ'.

ಇನ್ನೊಂದು, 'ಲಾಗಿದೆ'. ನಿರ್ಧರಿಸಲಾಗಿದೆ, ತಿಳಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಮಾಡಿದವರು ಯಾರು ಎಂಬುದೇ ಮಾಯ. ಒಮ್ಮೆ ಒಂದು ಸಂಸ್ಥೆಯ ತಪ್ಪಿನಿಂದ ಬಹಳ ಜನಕ್ಕೆ ತೊಂದರೆಯಾಗಿ, ಕ್ಷಮಾಪಣೆ ಪತ್ರ ಬರೆಯುವ ಕೆಲಸ ನನಗೆ ಬಂತು. ಅವರು ಕಳಿಸಿದ ಮಾದರಿಯಲ್ಲಿ 'ತಮಗೆ ಅನಾನುಕೂಲವಾಗಿದ್ದಲ್ಲಿ ವಿಷಾದಿಸಲಾಗಿದೆ' ಎಂದಿತ್ತು. ಈ 'ಆಗಿದ್ದಲ್ಲಿ' ನೋಡಿ. ಆಗಿದೆಯೋ ಇಲ್ಲವೋ ಎಂಬ ಅನುಮಾನ ಇನ್ನೂ ಉಳಿದಿದೆ! ವಿಷಾದಿಸುವವರೂ ಇಲ್ಲ. ನಾನು 'ನಿಮಗೆ ತೊಂದರೆ ಆಯಿತು. ತಪ್ಪು ನಮ್ಮದು. ಕ್ಷಮಿಸಿ' ಎಂದು ಬರೆದೆ. ಅವರ ವಕೀಲರು 'ತಪ್ಪು ನಮ್ಮದು' ಎಂಬುದನ್ನು ಹೊಡೆದರು. ಮೂರು ದಿನ ಹಗ್ಗಜಗ್ಗಾಟ. ಕೊನೆಗೆ 'ಇದು ಆಗಬಾರದಿತ್ತು, ನಾವು ತಡೆಯಬೇಕಿತ್ತು' ಎಂಬಲ್ಲಿಗೆ ಬಂದು ನಿಂತೆವು. 'ಬೇಕಿತ್ತು' ಎಂಬ ಒಂದು ಪದಕ್ಕೆ ಎಷ್ಟು ತಪ್ಪು ಒಪ್ಪಿಕೊಳ್ಳುವ ಶಕ್ತಿ ಇದೆ ಎಂದು ವಕೀಲರಿಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಈಗ ಹೇಳಲು ಇಷ್ಟವಿಲ್ಲದ ಒಂದು ವಿಷಯ.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಗೆ ಭಾಷಣ ಬರೆದೆ. ಸಂಬಳ ಕಡಿತಕ್ಕೆ ಕೆಲಸಗಾರರನ್ನು ಒಪ್ಪಿಸಬೇಕಿತ್ತು. ನಾನು ಅದುವರೆಗೆ ಕಲಿತದ್ದೆಲ್ಲ ಅದರಲ್ಲಿತ್ತು. ಆಕ್ಷೇಪವನ್ನು ಮೊದಲೇ ಹೇಳಿದೆ. ಪುನರುಕ್ತಿ ಸರಿಯಾದ ಜಾಗದಲ್ಲಿ ತಿರುಗಿತು. ನಡುವೆ ಒಂದು ಎದುರುಬದುರು ಮಾತು: 'ಇಂದು ಸ್ವಲ್ಪ ಬಿಟ್ಟರೆ ನಾಳೆ ಎಲ್ಲ ಉಳಿಯುತ್ತದೆ, ಇಂದು ಎಲ್ಲ ಹಿಡಿದರೆ ನಾಳೆ ಏನೂ ಉಳಿಯುವುದಿಲ್ಲ.' ಸಭೆ ಗಪ್‌ಚಿಪ್. ಹಿಂದಿನ ಸಾಲಿನ ಭುಜಗಳೆಲ್ಲ ಮುಂದೆ ಬಂದವು. ಎಲ್ಲರೂ ಸಹಿ ಹಾಕಿದರು. ಮನೆಗೆ ಹೋಗುವಾಗ ನನಗೆ ಖುಷಿಯಾಗಿತ್ತು.

ಆರು ತಿಂಗಳಾದ ಮೇಲೆ ಗೊತ್ತಾಯಿತು, ಮೂರನೆಯ ದಾರಿಯೂ ಇತ್ತು. ಮೇಲಿನವರು ಅದನ್ನು ಚರ್ಚಿಸಿ ಪಕ್ಕಕ್ಕಿಟ್ಟಿದ್ದರು. ನನಗೆ ಹೇಳಿರಲಿಲ್ಲ. ಆದರೆ ನಾನೂ ಕೇಳಿರಲಿಲ್ಲ. ಒಂದೋ ಇದು, ಇಲ್ಲವೇ ಅದು ಎಂಬ ವಾಕ್ಯ ಅಷ್ಟು ಚೆನ್ನಾಗಿ ತೂಗುತ್ತಿತ್ತು. ಅದರ ಆಚೆ ಏನಾದರೂ ಇದೆಯಾ ಎಂದು ನೋಡುವ ಮನಸ್ಸೇ ಬರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಸಿಕ್ಕಿ, "ಆ ಭಾಷಣ ನೀವೇ ಬರೆದದ್ದಂತೆ ಹೌದಾ? ತುಂಬಾ ಚೆನ್ನಾಗಿತ್ತು ಅಕ್ಕಾ" ಎಂದರು. ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಸಲೀಸಾಗಿತ್ತು.

ಅವತ್ತಿನಿಂದ ಎರಡೇ ಬಾಗಿಲು ತೋರಿಸುವ ವಾಕ್ಯ ಬರೆಯುವ ಮುಂಚೆ ಬರೆಸುವವರನ್ನು ಕೇಳುತ್ತೇನೆ: ಮೂರನೆಯದು ಏನು, ಅದನ್ನು ಯಾಕೆ ಬಿಟ್ಟಿರಿ? ಉತ್ತರ ಸಿಕ್ಕರೆ ಅದನ್ನೂ ಭಾಷಣಕ್ಕೆ ಸೇರಿಸುತ್ತೇನೆ. ಇದರಿಂದ ಎರಡು ಕೆಲಸ ಕೈತಪ್ಪಿವೆ. ಒಬ್ಬರಂತೂ "ನಿಮ್ಮನ್ನು ಕರೆದದ್ದು ಬರೆಯೋಕೆ, ವಿಚಾರಣೆ ಮಾಡೋಕಲ್ಲ" ಎಂದು ಫೋನ್ ಇಟ್ಟರು. ಅದೂ ಒಳ್ಳೆಯ ಎದುರುಬದುರು ಮಾತೇ. ನೋಟ್‌ಬುಕ್ಕಿಗೆ ಬರೆದುಕೊಂಡೆ.

ಈಗ ಮೇಜಿನ ಮೇಲೆ ಇನ್ನೊಂದು ಕರಡು ಇದೆ. ಒಂದು ಸಂಸ್ಥೆ ಕಚೇರಿಯನ್ನು ದೂರದ ಕಟ್ಟಡಕ್ಕೆ ಬದಲಾಯಿಸುತ್ತಿದೆ, ಸಿಬ್ಬಂದಿಗೆ ತಿಳಿಸಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ ಕಳಿಸಬೇಕು. 'ನಾವು'ಗಳಿಗೆ ಬಣ್ಣ ಹಚ್ಚಿ ಆಯಿತು. 'ಲಾಗಿದೆ' ಒಂದೂ ಇಲ್ಲ. ಆರನೇ ಸಾಲಿನಲ್ಲಿ 'ಹೊಸ ಜಾಗದಲ್ಲಿ ಎಲ್ಲರಿಗೂ ಅನುಕೂಲವೇ ಅಲ್ಲವೇ?' ಎಂದು ಅವರೇ ಸೇರಿಸಿದ ಪ್ರಶ್ನೆ ಇದೆ, ತೆಗೆಯಬಾರದು ಎಂದು ಹೇಳಿ ಕಳಿಸಿದ್ದಾರೆ. ಅದರ ಬಲಗಡೆ 'ಬೋನಸ್' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಫೋನ್ ಮಾಡಿದ್ದೆ, ಅವರು ಇನ್ನೂ ಎತ್ತಿಲ್ಲ.